ಅಪ್ಪನ 1966ರ ಫಿಯೆಟ್ ಮೆಲ್ಬರ್ನ್‌ಗೆ ತರಬೇಕು, ಕಲ್ನಾರಿನ ನಿಯಮ ದಾಟಿ ಬಂದವರು ಯಾರಾದರೂ ಇದ್ದೀರಾ?

ಕುವೆಂಪುನಗರ66

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ನಾನು ಮೆಲ್ಬರ್ನ್‌ಗೆ ಬಂದು ಒಂಬತ್ತು ವರ್ಷ ಆಯಿತು. ಊರು ಮೈಸೂರು. ಅಪ್ಪ ಹೋದ ವರ್ಷ ತೀರಿಕೊಂಡರು. ಅವರ ಫಿಯೆಟ್ 1100 ಡಿಲೈಟ್, 1966ರದ್ದು, ಮನೆ ಪಕ್ಕದ ಶೆಡ್ಡಿನಲ್ಲಿ ನಿಂತಿದೆ. ತಾತ ಬುಕ್ ಮಾಡಿ ವರ್ಷಗಟ್ಟಲೆ ಕಾದು ತೆಗೆದುಕೊಂಡ ಗಾಡಿ ಅದು. ಆಮೇಲೆ ಅಪ್ಪನ ಕೈಗೆ ಬಂತು. ಅಮ್ಮ ಈಗ ಹುಬ್ಬಳ್ಳಿಗೆ ತಂಗಿಯ ಮನೆಗೆ ಹೋಗುತ್ತಿದ್ದಾರೆ, ಮೈಸೂರಿನ ಮನೆ ಮಾರುವುದು ಗ್ಯಾರಂಟಿ. ಗಾಡಿಯನ್ನು ಯಾರಿಗಾದರೂ ಕೊಡೋಣ ಅಂದರೆ ಮನಸ್ಸು ಬರುತ್ತಿಲ್ಲ. ಸ್ಟೀರಿಂಗ್ ಪಕ್ಕದ ಗೇರ್ ಕಡ್ಡಿಯ ಗುಬುಟು ಅಪ್ಪನ ಅಂಗೈಗೆ ಸವೆದು ಒಂದು ಕಡೆ ಚಪ್ಪಟೆ ಆಗಿದೆ. ಅದನ್ನು ಹಿಡಿದರೆ ಅವರ ಕೈ ಹಿಡಿದ ಹಾಗೇ ಆಗುತ್ತದೆ.

ಇಲ್ಲಿಗೆ ತರೋಣ ಅಂತ ವಿಚಾರಿಸಿದೆ. ಬಲಗಡೆ ಸ್ಟೀರಿಂಗ್, ಅದರ ತಲೆನೋವಿಲ್ಲ. ಆದರೆ ಆಸ್ಟ್ರೇಲಿಯಾದಲ್ಲಿ ಕಲ್ನಾರಿನ (ಆಸ್ಬೆಸ್ಟಾಸ್, ಹಿಂದೆ ಶಾಖ ತಡೆಯಲು ಬಿಡಿಭಾಗಗಳಲ್ಲಿ ಹಾಕುತ್ತಿದ್ದ ಖನಿಜದ ನಾರು) ಒಂದು ಎಳೆ ಇದ್ದರೂ ಗಾಡಿ ಒಳಗೆ ಬಿಡುವುದಿಲ್ಲ ಅನ್ನುತ್ತಾರೆ. ಒಬ್ಬ ಸಾಗಣೆ ಏಜೆಂಟ್ "ಏನೂ ಆಗಲ್ಲ ಸರ್, ಇಲ್ಲ ಅಂತ ಬರೆದು ಸೈನ್ ಹಾಕಿ, ಸಾವಿರ ಗಾಡಿಯಲ್ಲಿ ಒಂದು ನೋಡ್ತಾರೆ" ಅಂದರು. ಇನ್ನೊಬ್ಬರು ಎಂಜಿನ್ ಪೂರ್ತಿ ಬಿಚ್ಚಬೇಕು ಅಂದರು. ಎರಡರ ಮಧ್ಯೆ ನನಗೆ ತಲೆ ಕೆಟ್ಟಿದೆ.

ಬ್ರೇಕ್ ಲೈನರ್ ಆರು ವರ್ಷದ ಹಿಂದೆ ಹಾಕಿಸಿದ್ದು. ಕ್ಲಚ್ ಪ್ಲೇಟ್ ಯಾವಾಗಿನದೋ ಗೊತ್ತಿಲ್ಲ. ಎಂಜಿನ್ ಕೆಲಸ 90ರ ದಶಕದಲ್ಲಿ ಒಮ್ಮೆ ಆಗಿದೆ. ಲೈನರ್ ಬದಲಿಸಿ ಕಳಿಸಿದರೆ ಸಾಕಾಗುತ್ತದಾ? ಪರೀಕ್ಷೆ ಎಲ್ಲಿ ಮಾಡಿಸಬೇಕು, ಮೈಸೂರಲ್ಲೋ ಇಲ್ಲಿ ಬಂದ ಮೇಲೋ? ಅನುಭವ ಇದ್ದವರು ದಯವಿಟ್ಟು ಹೇಳಿ.

ಶಿರಸಿಯಿಂದ ಸಿಡ್ನಿ

ಅಪ್ಪನ ವಿಷಯ ಕೇಳಿ ಬೇಜಾರಾಯಿತು. ಗಾಡಿ ತರಬೇಕು ಅನ್ನುವ ನಿಮ್ಮ ಆಸೆ ನನಗೆ ಚೆನ್ನಾಗಿ ಅರ್ಥ ಆಗುತ್ತದೆ.

ಮೊದಲು ಒಂದು ಮಾತು. ಆ ಏಜೆಂಟ್ ಹೇಳಿದ ಹಾಗೆ ಮಾತ್ರ ಮಾಡಬೇಡಿ. ಆಮದು ಘೋಷಣೆಯಲ್ಲೇ ಕಲ್ನಾರಿನ ಬಗ್ಗೆ ನೇರ ಪ್ರಶ್ನೆ ಇರುತ್ತದೆ. ಅದಕ್ಕೆ ಉತ್ತರ ಕೊಡುವವರು ನೀವು, ಏಜೆಂಟ್ ಅಲ್ಲ. ಸುಳ್ಳು ಬರೆದು ಸಿಕ್ಕಿಬಿದ್ದರೆ ಗಾಡಿಯೂ ಹೋಗುತ್ತದೆ, ದಂಡವೂ ಬೀಳುತ್ತದೆ, ಆ ದಂಡ ಗಾಡಿಯ ಬೆಲೆಯನ್ನು ಮೀರಿ ಹೋಗಬಹುದು.

ನನ್ನ ಕಥೆ ಹೇಳುತ್ತೇನೆ. ನಾನು ಇಂಗ್ಲೆಂಡಿನಿಂದ 1967ರ ಒಂದು ಚಿಕ್ಕ ಸ್ಪೋರ್ಟ್ಸ್ ಕಾರು ತರಿಸಿದೆ. ಮಾರಿದವರು ಬ್ರೇಕ್ ಮತ್ತು ಕ್ಲಚ್ ಎರಡೂ ಹೊಸದು ಅಂತ ಬಿಲ್ ಕೊಟ್ಟಿದ್ದರು. ಸಾಗಣೆಯವರು "ಈ ಬಿಲ್ ಸಾಕು" ಅಂದರು. ನಾನೂ ನಂಬಿದೆ. ಬಂದರಿನಲ್ಲಿ ಗಾಡಿ ಹಿಡಿದು ಪರೀಕ್ಷೆ ವರದಿ ತನ್ನಿ ಅಂದರು. ಲೈಸೆನ್ಸ್ ಇರುವ ತಪಾಸಕರನ್ನು ನಾನೇ ದುಡ್ಡು ಕೊಟ್ಟು ಕರೆಸಬೇಕಾಯಿತು. ಅವರು ಗಾಡಿಯ ಕೆಳಗೆ ಮಲಗಿ, ಬಾನೆಟ್ ಒಳಗೆ ತಲೆ ಹಾಕಿ, ಅಲ್ಲಲ್ಲಿ ಚೂರು ಚೂರು ಕೆರೆದು ಚಿಕ್ಕ ಪ್ಲಾಸ್ಟಿಕ್ ಕವರಿಗೆ ಹಾಕಿ ಒಂದೊಂದಕ್ಕೂ ನಂಬರ್ ಬರೆದುಕೊಂಡರು. ಬ್ರೇಕ್‌ನಲ್ಲಿ ಏನೂ ಸಿಗಲಿಲ್ಲ. ಸಿಕ್ಕಿದ್ದು ಮೂರು ಕಡೆ. ಎಂಜಿನ್ ಹೊಗೆ ಹೊರಹೋಗುವ ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಪ್ಯಾಕಿಂಗ್‌ನಲ್ಲಿ (ಸಂದು ಮುಚ್ಚುವ ಗ್ಯಾಸ್ಕೆಟ್), ಕಾರ್ಬೊರೇಟರ್ ಕೆಳಗಿನ ಶಾಖ ತಡೆಯುವ ಬಿಲ್ಲೆಯಲ್ಲಿ, ಮತ್ತೆ ಸೀಟಿನ ಕೆಳಗೆ ಸದ್ದು ಬಾರದಿರಲಿ ಅಂತ ಬಳಿದಿದ್ದ ಟಾರ್ ಥರದ ಕಪ್ಪು ಪದರದಲ್ಲಿ. ಆ ಕಪ್ಪು ಪದರದ ಬಗ್ಗೆ ನಾನು ಯೋಚನೆಯನ್ನೇ ಮಾಡಿರಲಿಲ್ಲ.

ಹನ್ನೊಂದು ವಾರ ಗಾಡಿ ಗೋದಾಮಿನಲ್ಲಿ ನಿಂತಿತು. ದಿನಕ್ಕಿಷ್ಟು ಅಂತ ಬಾಡಿಗೆ ಓಡುತ್ತಲೇ ಇತ್ತು. ಕಡೆಗೆ ಅನುಮತಿ ತಗೊಂಡು, ಲೈಸೆನ್ಸ್ ಇರುವವರಿಂದ ಆ ಭಾಗ ತೆಗೆಸಿ, ಮತ್ತೆ ಪರೀಕ್ಷೆ ಮಾಡಿಸಿ ಬಿಡಿಸಿಕೊಂಡೆ. ಎಲ್ಲಾ ಲೆಕ್ಕ ಹಾಕಿದರೆ ಗಾಡಿ ಬೆಲೆಯ ಮೂರನೇ ಒಂದು ಭಾಗ ಇದಕ್ಕೇ ಹೋಯಿತು. ನನ್ನ ಅದೃಷ್ಟ, ಅನುಮತಿ ಸಿಕ್ಕಿತು. ಸಿಗಲೇಬೇಕು ಅಂತ ಏನೂ ಇಲ್ಲ. ವಾಪಸ್ ಕಳಿಸಿ ಅನ್ನಬಹುದು, ವಶಕ್ಕೆ ತಗೊಂಡು ನಾಶ ಮಾಡಲೂಬಹುದು.

ನಿಯಮ ಸರಳ ಇದೆ. 2003ರ ಡಿಸೆಂಬರ್ 31ರಿಂದ ಇಲ್ಲಿ ಆರೂ ಬಗೆಯ ಕಲ್ನಾರು ಪೂರ್ತಿ ನಿಷೇಧ. ತರುವಂತಿಲ್ಲ, ಮಾರುವಂತಿಲ್ಲ, ಹೊಸದಾಗಿ ಹಾಕುವಂತಿಲ್ಲ. ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಮಿತಿಯೇ ಇಲ್ಲ. ಹಳೆ ಗಾಡಿ ಅಂತ ವಿನಾಯಿತಿಯೂ ಇಲ್ಲ. ಇಲ್ಲೇ ಮೊದಲಿನಿಂದ ಇರುವ ಹಳೆ ಕಾರಿನಲ್ಲಿ 2003ಕ್ಕೆ ಮುಂಚೆ ಹಾಕಿದ ಪ್ಯಾಕಿಂಗ್ ಇದ್ದರೆ ಅದು ಬದಲಿಸುವವರೆಗೆ ಇರಬಹುದು. ಆದರೆ ಅದೇ ಕಾರನ್ನು ನ್ಯೂಜಿಲೆಂಡಿಗೆ ರ‍್ಯಾಲಿಗೆ ಅಂತ ತಗೊಂಡು ಹೋಗಿ ವಾಪಸ್ ತಂದರೆ ಅದೂ ಆಮದೇ, ಅದಕ್ಕೂ ಇದೇ ನಿಯಮ. ಇದು ಗೊತ್ತಿಲ್ಲದೆ ಕಷ್ಟಕ್ಕೆ ಸಿಕ್ಕಿಹಾಕಿಕೊಂಡವರನ್ನು ನಮ್ಮ ಕ್ಲಬ್ಬಿನಲ್ಲೇ ನೋಡಿದ್ದೇನೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಲೈನರ್ ಬದಲಿಸಿದರೆ ಸಾಕಾಗುವುದಿಲ್ಲ. ಪರೀಕ್ಷೆ ಮೈಸೂರು ಬಿಡುವ ಮೊದಲೇ ಆಗಲಿ.

ಜೆಸಿ ರಸ್ತೆ ಹಳೆ ಗಿರಾಕಿ

ನಾನು ಬೆಂಗಳೂರಲ್ಲಿ ಮೂರು ಹಳೆ ಗಾಡಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ಒಂದು ಫಿಯೆಟ್ಟೇ. ನನ್ನ ಮಾತು ನಿಮಗೆ ಇಷ್ಟ ಆಗದೇ ಇರಬಹುದು, ಆದರೂ ಹೇಳಲೇಬೇಕು.

ಆ ಗಾಡಿಯನ್ನು ಇಲ್ಲೇ ಬಿಡಿ. ನೀವು ಅದನ್ನು ಕಲ್ನಾರಿಲ್ಲದ ಗಾಡಿ ಮಾಡಲು ಹೊರಟರೆ ಏನೇನು ಬಿಚ್ಚಬೇಕು ಅಂತ ಒಮ್ಮೆ ಯೋಚಿಸಿ. ನಾಲ್ಕೂ ಚಕ್ರ ಡ್ರಮ್ ಬ್ರೇಕು, ನಾಲ್ಕೂ ಕಡೆ ಶೂ. ಕ್ಲಚ್ ನೋಡಬೇಕು ಅಂದರೆ ಗೇರ್‌ಬಾಕ್ಸ್ ಇಳಿಸಬೇಕು. ಹೆಡ್ ಪ್ಯಾಕಿಂಗ್ (ಎಂಜಿನ್ನಿನ ಮೇಲ್ಭಾಗದ ಸಂದಿನದ್ದು) ಆ ಕಾಲದ್ದು ತಾಮ್ರದ ಎರಡು ಹಾಳೆ ಮಧ್ಯೆ ಕಲ್ನಾರು ಒತ್ತಿ ಮಾಡಿದ್ದು, ಅದಕ್ಕೆ ಹೆಡ್ ಬಿಚ್ಚಬೇಕು. ಅರವತ್ತು ವರ್ಷದ ಸ್ಟಡ್ ಬೋಲ್ಟು, ಒಂದು ಮುರಿದರೆ ಸಾಕು, ಕೆಲಸ ಎರಡರಷ್ಟು ಆಗುತ್ತದೆ. ಮ್ಯಾನಿಫೋಲ್ಡು, ಸೈಲೆನ್ಸರ್ ಜಾಯಿಂಟು, ಕಾರ್ಬೊರೇಟರ್ ಬಿಲ್ಲೆ. ಕೆಲವು ಹಳೆ ಸ್ಪಾರ್ಕ್ ಪ್ಲಗ್ಗಿನ ವಾಷರ್ ಒಳಗೂ ಅದನ್ನೇ ತುಂಬಿರುತ್ತಿದ್ದರು. ಒಳಗಡೆ ಎಂಜಿನ್ ಗೋಡೆಗೆ ಅಂಟಿಸಿದ ಹಲಗೆ, ತಳದ ಕಪ್ಪು ಬಳಿತ. ಇಷ್ಟೆಲ್ಲಾ ತೆಗೆದ ಮೇಲೆ ನಿಮ್ಮ ತಾತ ತಂದ ಗಾಡಿಯಲ್ಲಿ ಹಳೆಯದು ಅಂತ ಎಷ್ಟು ಉಳಿಯುತ್ತದೆ? ಮೈಸೂರಲ್ಲೇ ನಂಬುವ ಒಬ್ಬರ ಹತ್ತಿರ ಇಡಿ. ರಜೆಗೆ ಬಂದಾಗ ಓಡಿಸಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ಅಂತ ಬೇರೆ ನೋಂದಣಿ ತಂದಿದೆ. ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮತ್ತೆ ನವೀಕರಿಸಲು 5,000. ದಿನಾ ಓಡಿಸುವ ಹಾಗಿಲ್ಲ, ಆದರೆ ಪ್ರದರ್ಶನಕ್ಕೆ, ರ‍್ಯಾಲಿಗೆ ಅಡ್ಡಿಯಿಲ್ಲ.

ಇನ್ನೊಂದು ಗೊತ್ತಿರಲಿ. ಆರು ವರ್ಷದ ಹಿಂದೆ ಹಾಕಿಸಿದ ಲೈನರ್ ಅಂದಿರಿ. ಅದು ಹೊಸದು, ಹಾಗಾಗಿ ಕಲ್ನಾರು ಇರಲ್ಲ ಅಂತ ಅಂದುಕೊಳ್ಳಬೇಡಿ. ನಮ್ಮಲ್ಲಿ ಬಿಳಿ ಕಲ್ನಾರಿಗೆ ಪೂರ್ತಿ ನಿಷೇಧ ಇಲ್ಲ. ಊರೂರಿನಲ್ಲಿ ಸಿಮೆಂಟ್ ಶೀಟಿನ ಮನೆ ಇಲ್ವಾ, ಅದರೊಳಗಿರುವುದು ಅದೇ. ಹಳೆ ಗಾಡಿಯ ಬಿಡಿಭಾಗ ಅಂಗಡಿಯ ಮೇಲಿನ ಅಟ್ಟದಿಂದ ಬರುತ್ತದೆ, ಯಾವ ಇಸವಿಯ ಸ್ಟಾಕು ಅಂತ ಅಂಗಡಿಯವರಿಗೂ ಗೊತ್ತಿರುವುದಿಲ್ಲ.

ಪುತ್ತೂರು ಟು ಪರ್ತ್

ನಾನು ಪರ್ತ್‌ನಲ್ಲಿ ಲ್ಯಾಬ್ ಕೆಲಸ ಮಾಡುತ್ತೇನೆ, ದಿನಾ ನೋಡುವುದೇ ಇಂಥ ಚೂರುಗಳನ್ನು. ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಈ ದೇಶ ಯಾಕೆ ಇಷ್ಟು ಬಿಗಿ ಅಂತ ಕೇಳುವವರು ಜಾಸ್ತಿ. ನಾನಿರುವ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದಲ್ಲಿ ವಿಟ್ಟನೂಮ್ ಅಂತ ಒಂದು ಊರಿತ್ತು. ನೀಲಿ ಕಲ್ನಾರಿನ ಗಣಿ. 1966ರಲ್ಲಿ ಮುಚ್ಚಿದರು. ನಿಮ್ಮ ಗಾಡಿ ಹುಟ್ಟಿದ ವರ್ಷವೇ. ಗಣಿಯ ಪುಡಿಯನ್ನು ಊರಿನ ರಸ್ತೆಗೆ, ಶಾಲೆಯ ಅಂಗಳಕ್ಕೆ ಹರಡಿದ್ದರು, ಮಕ್ಕಳು ಅದರ ಮೇಲೆ ಆಡಿದರು. ಗಣಿಗೆ ಕಾಲಿಡದವರೂ ಮೀಸೊಥೀಲಿಯೊಮಾ (ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್) ಬಂದು ಸತ್ತರು. 2007ರಲ್ಲಿ ಸರ್ಕಾರ ಆ ಊರನ್ನೇ ಊರುಗಳ ಅಧಿಕೃತ ಪಟ್ಟಿಯಿಂದ ತೆಗೆದುಹಾಕಿತು. ಈ ಕ್ಯಾನ್ಸರ್ ಧೂಳು ಒಳಗೆ ಹೋದ 20, 30, 40 ವರ್ಷದ ಮೇಲೆ ಕಾಣಿಸಿಕೊಳ್ಳುತ್ತದೆ. ಕಲ್ನಾರಿನ ಕಾರ್ಖಾನೆಯಲ್ಲಿ ದುಡಿದು ಕಾಯಿಲೆ ಬಿದ್ದ ಬರ್ನಿ ಬ್ಯಾಂಟನ್ ಅನ್ನುವವರು ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡೇ ಪರಿಹಾರಕ್ಕಾಗಿ ಹೋರಾಡಿದರು, 2007ರಲ್ಲಿ ತೀರಿಕೊಂಡರು. ಇಲ್ಲಿ ಈ ಹೆಸರು ಗೊತ್ತಿಲ್ಲದವರು ಕಮ್ಮಿ. ಗಡಿಯಲ್ಲಿ ಗಾಡಿ ಹಿಡಿದಾಗ ಸಿಟ್ಟು ಬರುವುದು ಸಹಜ, ಆದರೆ ಆ ನಿಯಮದ ಹಿಂದೆ ಇಷ್ಟೊಂದು ಜನರ ಸಾವಿದೆ.

ಹಳೆ ಗಾಡಿಗಳಿಗೆ ಮಾತ್ರ ಈ ಕಾಟ ಅಂತಲೂ ಅಂದುಕೊಳ್ಳಬೇಡಿ. 2012ರಲ್ಲಿ ಚೀನಾದಿಂದ ಬಂದ ಗ್ರೇಟ್ ವಾಲ್, ಚೆರಿ ಹೊಸ ಗಾಡಿಗಳ ಎಂಜಿನ್ ಮತ್ತು ಎಗ್ಸಾಸ್ಟ್ ಪ್ಯಾಕಿಂಗ್‌ನಲ್ಲಿ ಕಲ್ನಾರು ಸಿಕ್ಕಿ ಸುಮಾರು 23,000 ಗಾಡಿಗಳನ್ನು ವಾಪಸ್ ಕರೆಸಿದರು. 2016ರಲ್ಲಿ ಇದೇ ಪರ್ತ್‌ನ ಹೊಸ ಮಕ್ಕಳ ಆಸ್ಪತ್ರೆಗೆ ಹೊರಗಿನಿಂದ ತಂದ ಚಾವಣಿ ಹಲಗೆಯಲ್ಲೂ ಸಿಕ್ಕಿತು. ಅದಾದ ಮೇಲೆ ಗಡಿಯಲ್ಲಿ ಹಿಡಿತ ಇನ್ನೂ ಜೋರಾಯಿತು. ಹವ್ಯಾಸಕ್ಕೆ ಹಳೆ ಗಾಡಿ ತರುವವರಿಗೆ ಬಿಸಿ ತಟ್ಟಿದ್ದು ಆಗಲೇ.

ಈಗ ಪರೀಕ್ಷೆ ವಿಷಯ. ಚೂರನ್ನು ಮೊದಲು ಸಾದಾ ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ ಎಳೆ ಹುಡುಕುತ್ತೇವೆ. ಸಿಕ್ಕ ಎಳೆಯನ್ನು ಒಂದು ದ್ರವದಲ್ಲಿ ಇಟ್ಟು ಪೋಲರೈಸ್ಡ್ ಬೆಳಕಿನಲ್ಲಿ ತಿರುಗಿಸಿ ನೋಡುತ್ತೇವೆ. ಬಿಳಿ ಕಲ್ನಾರು ಬಾಚದ ಕೂದಲಿನ ಹಾಗೆ ಅಲೆ ಅಲೆಯಾಗಿ ಕಾಣುತ್ತದೆ. ನೀಲಿ, ಕಂದು ಎರಡೂ ಸೂಜಿಯ ಹಾಗೆ ನೆಟ್ಟಗೆ. ತಿರುಗಿಸಿದಾಗ ಅಂಚಿನ ಬಣ್ಣ ಬದಲಾಗುತ್ತದೆ, ಆ ಬಣ್ಣದಿಂದಲೇ ಯಾವ ಬಗೆ ಅಂತ ಗುರುತಿಸುವುದು. ಬ್ರೇಕ್ ಲೈನರ್‌ನಲ್ಲಿ ಎಳೆಗಳು ರಾಳದೊಳಗೆ ಪುಡಿಯಾಗಿ ಕೂತಿರುತ್ತವೆ, ಟಾರ್ ಪದರದಲ್ಲಿ ಅಂಟಿಕೊಂಡಿರುತ್ತವೆ. ಅದಕ್ಕೆ ಸುಟ್ಟೋ ಕರಗಿಸಿಯೋ ಬಿಡಿಸಬೇಕು. ಅನುಭವ ಇಲ್ಲದ ಲ್ಯಾಬಿನಲ್ಲಿ ಇವೆರಡೇ ತಪ್ಪಿಹೋಗುವುದು. ಹಾಗಾಗಿ "ಲೈನರ್ ಮತ್ತು ಟಾರ್ ಮಾಡಿ ಅಭ್ಯಾಸ ಇದೆಯಾ" ಅಂತ ಕೇಳಿಯೇ ಕೊಡಿ.

ಲ್ಯಾಬ್ ಇಲ್ಲಿಯದ್ದೇ ಆಗಬೇಕು ಅಂತಿಲ್ಲ. ಇಲ್ಲಿ ಲ್ಯಾಬುಗಳಿಗೆ ಮಾನ್ಯತೆ ಕೊಡುವ ನಾಟಾ ಇದ್ದ ಹಾಗೆ ಭಾರತದಲ್ಲಿ ಎನ್‌ಎಬಿಎಲ್ ಇದೆ, ಎರಡೂ ಒಂದೇ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸೇರಿದವು. ಆದರೆ ಲ್ಯಾಬಿನ ಬೋರ್ಡಿನ ಮೇಲೆ ಎನ್‌ಎಬಿಎಲ್ ಅಂತ ಇದ್ದರೆ ಸಾಲದು. ಮಾನ್ಯತೆಯ ಪಟ್ಟಿಯಲ್ಲಿ ಕಲ್ನಾರು ಗುರುತಿಸುವ ಪರೀಕ್ಷೆ ಅಂತಲೇ ಇರಬೇಕು. ನೀರು, ಸಿಮೆಂಟು ಪರೀಕ್ಷೆಗೆ ಮಾನ್ಯತೆ ಇರುವ ಲ್ಯಾಬಿನ ಕಾಗದ ಇಲ್ಲಿ ನಡೆಯುವುದಿಲ್ಲ. ವರದಿಯಲ್ಲಿ ಗಾಡಿಯ ಚಾಸಿ ನಂಬರ್ ಇರಬೇಕು, ಪ್ರತಿ ಚೂರು ಯಾವ ಭಾಗದಿಂದ ತೆಗೆದದ್ದು ಅಂತ ಇರಬೇಕು, ಜೊತೆಗೆ ಫೋಟೊ. ಫೋಟೊದಲ್ಲಿ ಭಾಗವೂ ಕಾಣಬೇಕು, ಅದು ಈ ಗಾಡಿಯದ್ದೇ ಅಂತಲೂ ಗೊತ್ತಾಗಬೇಕು. "ಕಲ್ನಾರು ಮುಕ್ತ" ಅಂತ ಪೆಟ್ಟಿಗೆ ಮೇಲೆ ಅಚ್ಚಾಗಿದ್ದರೆ ಅದನ್ನು ಪುರಾವೆ ಅಂತ ತಗೊಳ್ಳುವುದಿಲ್ಲ, ಕೆಲವು ದೇಶಗಳಲ್ಲಿ ಸ್ವಲ್ಪ ಇದ್ದರೂ ಹಾಗೆ ಅಚ್ಚು ಹಾಕಲು ಅವಕಾಶ ಇದೆ. ಹೊಸ ಲೈನರ್ ಹಾಕುವ ಮೊದಲು ಅದರ ಒಂದು ಚೂರನ್ನೂ ಪರೀಕ್ಷೆಗೆ ಕೊಡಿ.

ಡಿಕ್ಕಿ ಮರೆಯಬೇಡಿ. ಹಳೆ ಗಾಡಿ ಇಟ್ಟುಕೊಂಡವರು ಡಿಕ್ಕಿಯಲ್ಲಿ ಒಂದು ಡಬ್ಬ ಇಟ್ಟೇ ಇರುತ್ತಾರೆ. ಬಿಡಿ ಪ್ಯಾಕಿಂಗು, ಹಳೆ ಕ್ಲಚ್ ಪ್ಲೇಟು. ಗಾಡಿಯೆಲ್ಲ ಸರಿಯಿದ್ದು ಆ ಡಬ್ಬದಲ್ಲಿ ಸಿಕ್ಕರೂ ಅದು ನಿಷೇಧಿತ ಆಮದೇ.

ಗ್ಯಾರೇಜ್ ಮನೆ ಹುಡುಗಿ, ಮಂಡ್ಯ

ಮೇಲಿನ ಎಲ್ಲರೂ ಗಾಡಿ ಬಗ್ಗೆ ಬರೆದಿದ್ದೀರಿ. ನಾನು ಅದನ್ನು ಬಿಚ್ಚುವವರ ಬಗ್ಗೆ ಬರೆಯುತ್ತೇನೆ.

ನಮ್ಮಪ್ಪ ನಲವತ್ತು ವರ್ಷ ಮೆಕ್ಯಾನಿಕ್. ಅಂಬಾಸಿಡರ್, ಫಿಯೆಟ್, ಜೀಪು. ಡ್ರಮ್ ಬಿಚ್ಚಿದ ಕೂಡಲೇ ಕಂಪ್ರೆಸರ್ ಪೈಪು ಹಿಡಿದು ಗಾಳಿ ಹೊಡೆಯುವುದು, ಬೂದು ಬಣ್ಣದ ಧೂಳು ಮೋಡದ ಹಾಗೆ ಎದ್ದು ಶೆಡ್ಡು ತುಂಬಿಕೊಳ್ಳುವುದು, ಇದು ನಾನು ಸಣ್ಣವಳಿದ್ದಾಗ ದಿನಾ ನೋಡಿದ್ದು. ಗಾಳಿ ಇಲ್ಲದ ದಿನ ಬಾಯಲ್ಲೇ ಊದುತ್ತಿದ್ದರು. ಲೈನರ್ ಕೂರದಿದ್ದರೆ ಒರಟು ಕಾಗದದಲ್ಲಿ ಉಜ್ಜುತ್ತಿದ್ದರು. ಕೈ, ಹುಬ್ಬು, ಅಂಗಿ ಎಲ್ಲಾ ಬೂದಿ. ಆ ಅಂಗಿಯನ್ನು ಅಮ್ಮ ಕೊಡವಿ ನೆನೆಹಾಕುತ್ತಿದ್ದರು. ಅಪ್ಪ ಈಗ ಚೆನ್ನಾಗಿದ್ದಾರೆ, ದೇವರ ದಯೆ. ಆದರೆ ಆ ಧೂಳು ಏನು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಓದಿ ತಿಳಿದುಕೊಂಡು ಹೇಳುವಷ್ಟರಲ್ಲಿ ಅವರು ಕೆಲಸ ಬಿಟ್ಟಾಗಿತ್ತು.

ಅಣ್ಣಾ, ನೀವು ಮೆಲ್ಬರ್ನ್‌ನಿಂದ ಫೋನ್ ಮಾಡಿ ಮೈಸೂರಿನ ಗ್ಯಾರೇಜಿಗೆ "ಎಲ್ಲಾ ಕಿತ್ತು ಕ್ಲೀನ್ ಮಾಡಿಕೊಡಿ" ಅಂದರೆ ಅವರು ಮಾಡಿಕೊಡುತ್ತಾರೆ. ಅದೇ ಹುಡುಗರು, ಬರಿಗೈಯಲ್ಲಿ, ಮೂಗಿಗೆ ಕರ್ಚೀಫು ಕೂಡ ಇಲ್ಲದೆ. ತಳದ ಕಪ್ಪು ಪದರವನ್ನು ಉಳಿ ಹಿಡಿದು ಕುಟ್ಟಿ ಎಬ್ಬಿಸುತ್ತಾರೆ, ಇಲ್ಲಾ ಗ್ರೈಂಡರ್ ಹಿಡಿಯುತ್ತಾರೆ. ಆಸ್ಟ್ರೇಲಿಯಾದ ಗಡಿ ದಾಟಬಾರದ ಧೂಳು ಇಲ್ಲಿಯ ಹದಿನೆಂಟು ವರ್ಷದ ಹುಡುಗನ ಎದೆಗೆ ಹೋಗುತ್ತದೆ. ದಯವಿಟ್ಟು ಹಾಗೆ ಮಾಡಿಸಬೇಡಿ.

ಮಾಡಿಸುವುದೇ ಆದರೆ ನೀವು ರಜೆ ಹಾಕಿ ಬಂದು ಎದುರಿಗೆ ನಿಂತು ಮಾಡಿಸಿ. ಗಾಳಿ ಹೊಡೆಯುವುದು, ಒಣಗಿದ್ದಾಗ ಉಜ್ಜುವುದು, ಗ್ರೈಂಡರ್, ಪೊರಕೆ ಯಾವುದೂ ಬೇಡ. ನೀರಿಗೆ ಸ್ವಲ್ಪ ಸೋಪು ಹಾಕಿ ಸಣ್ಣಗೆ ಸಿಂಪಡಿಸುತ್ತಾ ಒದ್ದೆ ಇರುವಾಗಲೇ ಬಿಚ್ಚಬೇಕು, ಜೋರಾಗಿ ಪಿಚಕಾರಿ ಹೊಡೆದರೆ ಅದೂ ಧೂಳು ಎಬ್ಬಿಸುತ್ತದೆ. ಬಟ್ಟೆಯ ಮಾಸ್ಕ್, ಆಸ್ಪತ್ರೆಯ ನೀಲಿ ಮಾಸ್ಕ್ ಯಾವುದಕ್ಕೂ ಆಗುವುದಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ, ಪಿ100 ಫಿಲ್ಟರ್ ಇರುವ ರಬ್ಬರ್ ಮಾಸ್ಕ್ ಬೇಕು, ಗಡ್ಡ ಇದ್ದರೆ ಅದೂ ಕೂರುವುದಿಲ್ಲ. ಬಿಸಾಡುವ ಮೇಲಂಗಿ ಹಾಕಿಸಿ, ಅದನ್ನು ಮನೆಗೆ ಒಯ್ಯಬಾರದು. ತೆಗೆದ ಭಾಗ, ಒರೆಸಿದ ಬಟ್ಟೆ ಎಲ್ಲಾ ಒದ್ದೆ ಇರುವಾಗಲೇ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ, ಅದರ ಮೇಲೆ ಇನ್ನೊಂದು ಚೀಲ. ಗುಜರಿಗೆ ಕೊಡಬೇಡಿ, ಕಸದ ಗಾಡಿಗೂ ಬೇಡ. ಅಪಾಯಕಾರಿ ಕಸ ತಗೊಳ್ಳುವ ಜಾಗ ದಾಬಸ್‌ಪೇಟೆ ಕಡೆ ಇದೆ, ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಿದರೆ ದಾರಿ ಹೇಳುತ್ತಾರೆ.

ಕುವೆಂಪುನಗರ66

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಂಡ್ಯದ ತಂಗಿಯ ಮಾತು ಓದಿ ಎರಡು ದಿನ ಏನೂ ಬರೆಯಲು ಆಗಲಿಲ್ಲ. ಅಪ್ಪನೂ ಭಾನುವಾರ ಚಕ್ರ ಬಿಚ್ಚಿ ಕೂರುತ್ತಿದ್ದರು. ಟೈರಿಗೆ ಗಾಳಿ ಹಾಕುವ ಪಂಪಿನಲ್ಲಿ ಡ್ರಮ್ಮಿಗೆ ಊದುತ್ತಿದ್ದದ್ದು ನಾನೇ. ಅದು ನನಗೆ ಆಟ.

ಗ್ಯಾರೇಜಿನವರಿಗೆ ಫೋನ್ ಮಾಡಿ ಸದ್ಯಕ್ಕೆ ಏನೂ ಮುಟ್ಟಬೇಡಿ ಅಂತ ಹೇಳಿದ್ದೇನೆ. ಜೆಸಿ ರಸ್ತೆ ಸರ್, ನಿಮ್ಮ ಮಾತೂ ಮನಸ್ಸಿಗೆ ತಟ್ಟಿತು. ಆದರೆ ಮೈಸೂರಲ್ಲಿ ಮನೆಯೇ ಇಲ್ಲ ಅಂದ ಮೇಲೆ ಗಾಡಿ ಇನ್ನೊಬ್ಬರ ಶೆಡ್ಡಿನಲ್ಲಿ ಮಳೆಗೆ ಕೊಳೆಯುವುದು ನನಗೆ ನೋಡಲು ಆಗುವುದಿಲ್ಲ. ಪ್ಯಾಕಿಂಗ್, ಲೈನರ್ ಹೊಸದಾದರೂ ಗೇರ್ ಕಡ್ಡಿ ಅದೇ ಇರುತ್ತದೆ ಅಲ್ವಾ.

ಶಿರಸಿ ಸರ್, ಕಲ್ನಾರು ಬಿಟ್ಟು ಇನ್ನೇನು ನೋಡಿಕೊಳ್ಳಬೇಕು?

ಶಿರಸಿಯಿಂದ ಸಿಡ್ನಿ

ಮುಖ್ಯವಾದದ್ದು, ಗಾಡಿ ಹಡಗು ಹತ್ತುವ ಮೊದಲೇ ಇಲ್ಲಿಯ ಸಾರಿಗೆ ಇಲಾಖೆಯ ಆಮದು ಅನುಮತಿ ಕೈಯಲ್ಲಿರಬೇಕು. ರೋವರ್ ಅನ್ನುವ ಆನ್‌ಲೈನ್ ಪೋರ್ಟಲ್‌ನಲ್ಲಿ ಅರ್ಜಿ. 25 ವರ್ಷ ದಾಟಿದ ಗಾಡಿಗೆ ಬೇರೆ ದಾರಿ ಇದೆ, ನಿಮ್ಮದು ಅದರಲ್ಲೇ ಬರುತ್ತದೆ. ಯಾವ ವರ್ಷದ ಗಾಡಿ ಅನ್ನುವುದಕ್ಕೆ ಪುರಾವೆ ಕೇಳುತ್ತಾರೆ, ಹಳೆ ಆರ್‌ಸಿ ಬುಕ್ ಜೋಪಾನ. ತಾತನ ಹೆಸರಿನಿಂದ ಅಪ್ಪನ ಹೆಸರಿಗೆ, ಅಲ್ಲಿಂದ ನಿಮ್ಮ ಹೆಸರಿಗೆ ಕಾಗದ ಸರಿಯಾಗಿ ಬದಲಾಗಿರಲಿ, ಇದು ಆರ್‌ಟಿಒದಲ್ಲಿ ನಿಧಾನ ಆಗುವ ಕೆಲಸ, ಈಗಲೇ ಶುರು ಮಾಡಿ.

ಆಮೇಲೆ ಮಣ್ಣು. ಚಕ್ರದ ಗೂಡು, ಚಾಸಿ ಸಂದು, ಸೀಟಿನ ಕೆಳಗೆ ಒಣ ಎಲೆ, ಇಲಿ ಗೂಡು, ಭತ್ತದ ಕಾಳು ಏನಿದ್ದರೂ ಬಂದರಿನಲ್ಲಿ ನಿಮ್ಮ ಖರ್ಚಿನಲ್ಲೇ ತೊಳೆಸುತ್ತಾರೆ. ತೊಳೆಯುವಾಗ ತಳದ ಕಪ್ಪು ಪದರ ನೆನಪಿರಲಿ, ಅದರ ಪರೀಕ್ಷೆ ಆಗುವವರೆಗೆ ಜೋರು ನೀರು ಹೊಡೆಸಬೇಡಿ. ಎಸಿ ಕೂರಿಸಿಲ್ಲ ಅಂದುಕೊಂಡಿದ್ದೇನೆ, ಇದ್ದರೆ ಗ್ಯಾಸಿಗೆ ಬೇರೆ ಲೈಸೆನ್ಸ್ ಬೇಕಾಗಬಹುದು, ಇಲ್ಲವೇ ಅಲ್ಲೇ ಖಾಲಿ ಮಾಡಿಸಿ ಸರ್ಟಿಫಿಕೇಟ್ ತಗೊಳ್ಳಿ. ಬಂದ ಮೇಲೆ ಗಾಡಿ ಬೆಲೆ ಮತ್ತು ಸಾಗಣೆ ಸೇರಿಸಿ 10% ಜಿಎಸ್‌ಟಿ ಇದೆ.

ವಿಕ್ಟೋರಿಯಾದಲ್ಲಿ ನಿಮಗೆ ಒಂದು ಅನುಕೂಲ ಇದೆ. 25 ವರ್ಷ ದಾಟಿದ ಗಾಡಿಗೆ ಕ್ಲಬ್ ಪರ್ಮಿಟ್ ಸಿಗುತ್ತದೆ, ವರ್ಷಕ್ಕೆ 45 ಅಥವಾ 90 ದಿನ ಓಡಿಸಬಹುದು, ಪ್ರತಿ ದಿನ ಲಾಗ್ ಪುಸ್ತಕದಲ್ಲಿ ಬರೆದುಕೊಳ್ಳಬೇಕು ಅಷ್ಟೇ. ಇಲ್ಲಿ ಇಟಲಿಯಿಂದ ಬಂದವರ ಮನೆಗಳಲ್ಲಿ ಹಳೆ ಫಿಯೆಟ್ ಇಟ್ಟುಕೊಂಡವರು ತುಂಬಾ ಜನ ಇದ್ದಾರೆ, ಅವರ ಕ್ಲಬ್ ಸೇರಿ. ಕಲ್ನಾರಿಲ್ಲದ ಹೆಡ್ ಪ್ಯಾಕಿಂಗ್ ಎಲ್ಲಿ ಮಾಡಿಸುವುದು ಅಂತ ಅವರಿಗೆ ಗೊತ್ತಿರುತ್ತದೆ. ಅಲ್ಲಿಂದಲೇ ಸೆಟ್ ತರಿಸಿ ಮೈಸೂರಿಗೆ ಕೈಯಲ್ಲಿ ಒಯ್ದರೆ ಹೊಸ ಭಾಗಗಳ ತಲೆನೋವು ಅರ್ಧ ಕಮ್ಮಿ. ಆದರೂ ಅದರ ಚೂರನ್ನು ಲ್ಯಾಬಿಗೆ ಕೊಡಿ.

ಪುತ್ತೂರು ಟು ಪರ್ತ್

ಒಂದು ಸೇರಿಸುತ್ತೇನೆ. ಮೊದಲು ಎಲ್ಲಾ ಬಿಚ್ಚಿ ಆಮೇಲೆ ಪರೀಕ್ಷೆ ಅಂತ ಹೋಗಬೇಡಿ. ಮೊದಲು ತಪಾಸಣೆ, ಚೂರು, ವರದಿ. ಎಲ್ಲಿ ಇದೆಯೋ ಅಲ್ಲಿ ಮಾತ್ರ ಕೈ ಹಾಕಿ. ತಳದ ಟಾರ್‌ನಲ್ಲಿ ಇಲ್ಲ ಅಂತ ಬಂದರೆ ಅದನ್ನು ಮುಟ್ಟುವ ಅಗತ್ಯವೇ ಇಲ್ಲ, ಜೆಸಿ ರಸ್ತೆಯವರು ಹೇಳಿದ ಹಳೆಯದು ಅಷ್ಟಾದರೂ ಉಳಿಯುತ್ತದೆ. ಟಾರ್ ಪದರದಲ್ಲಿ ಒಂದೇ ಕಡೆ ಅಲ್ಲ, ಮುಂದೆ, ಹಿಂದೆ, ಡಿಕ್ಕಿ ತಳ, ಬಾಗಿಲ ಒಳಗೆ ಹೀಗೆ ಬೇರೆ ಬೇರೆ ಕಡೆಯಿಂದ ತೆಗೆಯಿರಿ. ಮಧ್ಯೆ ಯಾರೋ ತೇಪೆ ಬಳಿದಿರುತ್ತಾರೆ.

ಹೆಡ್ ಪ್ಯಾಕಿಂಗ್ ಮಾತ್ರ ಬಿಚ್ಚದೆ ನೋಡಲು ಬರುವುದಿಲ್ಲ. 90ರ ದಶಕದಲ್ಲಿ ಎಂಜಿನ್ ಕೆಲಸ ಅಂದರೆ ಅದು ಕಲ್ನಾರಿನದ್ದೇ ಅಂತ ಇಟ್ಟುಕೊಂಡು ಬದಲಿಸಿಬಿಡಿ. ಕ್ಲಚ್ ಪ್ಲೇಟೂ ಹಾಗೇ.

ಜೆಸಿ ರಸ್ತೆ ಹಳೆ ಗಿರಾಕಿ

ಸರಿ ತಮ್ಮಾ, ನಿರ್ಧಾರ ಆಗಿದೆ ಅಂದ ಮೇಲೆ ಸಹಾಯ ಮಾಡುತ್ತೇನೆ. 1089 ಸಿಸಿ ಎಂಜಿನ್ನಿನ ಹೆಡ್ ಬಿಚ್ಚಿ ಅಭ್ಯಾಸ ಇರುವ, ಆತುರ ಪಡದ ಒಬ್ಬರು ಮೈಸೂರಲ್ಲಿದ್ದಾರೆ. ಸ್ಟಡ್‌ಗಳಿಗೆ ಈಗಿನಿಂದಲೇ ದಿನಾ ಎಣ್ಣೆ ಬಿಡಲು ಹೇಳಿ. ನೀವು ಬರುವ ವಾರ ತಿಳಿಸಿ, ನಾನೂ ಬರುತ್ತೇನೆ. ಮಂಡ್ಯದ ಮಗಳು ಹೇಳಿದ ಆ ಮಾಸ್ಕು ಎಷ್ಟು ಬೇಕು ಅಂತ ಲೆಕ್ಕ ಹೇಳಿ, ನಾನೇ ಕೊಂಡು ತರುತ್ತೇನೆ. ನಮ್ಮ ಶೆಡ್ಡಿನ ಹುಡುಗರಿಗೂ ನಾಲ್ಕು ತಗೊಳ್ಳುತ್ತೇನೆ. ಇಷ್ಟು ವರ್ಷ ನಾವೂ ಗಾಳಿ ಹೊಡೆದೇ ಕ್ಲೀನ್ ಮಾಡಿದ್ದು.

ಕುವೆಂಪುನಗರ66

ಸರ್, ಏನು ಹೇಳಲಿ. ಜನವರಿ ಎರಡನೇ ವಾರ ಬರುತ್ತೇನೆ. ನಾಲ್ಕು ಜನರ ಕೆಲಸ, ನಾಲ್ಕು ಮಾಸ್ಕು.

ನಿನ್ನೆ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ಡಿಕ್ಕಿ ತೆಗೆಸಿ ನೋಡಿದೆ. ಪರ್ತ್‌ನವರು ಹೇಳಿದ್ದು ನಿಜ. ಸ್ಟೆಪ್ನಿ ಹಿಂದೆ ಒಂದು ಬಿಸ್ಕತ್ತಿನ ಟಿನ್ ಇತ್ತು. ಒಳಗೆ ಒಂದು ಹೆಡ್ ಪ್ಯಾಕಿಂಗ್, ಹಳದಿಯಾದ ಕನ್ನಡ ಪೇಪರಿನಲ್ಲಿ ಸುತ್ತಿ, ಟಿನ್ನಿನ ಮೇಲೆ ಅಪ್ಪನ ಅಕ್ಷರದಲ್ಲಿ "ಫಿಯೆಟ್, ಹೊಸದು, ಬಳಸಿಲ್ಲ" ಅಂತ ಒಂದು ಚೀಟಿ. ಅಮ್ಮ ಬಿಚ್ಚಿ ತೋರಿಸಲು ಹೋದರು, ಬೇಡಮ್ಮಾ ಮುಟ್ಟಬೇಡಿ ಅಂದೆ. ಮುಚ್ಚಳ ಹಾಕಿ, ಟಿನ್ ಸಮೇತ ಎರಡು ಪ್ಲಾಸ್ಟಿಕ್ ಚೀಲದೊಳಗೆ ಇಡಿಸಿದ್ದೇನೆ. ಆ ಚೀಟಿ ಮಾತ್ರ ಟಿನ್ನಿನ ಹೊರಗೆ ಅಂಟಿಸಿತ್ತು. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದಿಟ್ಟುಕೊಳ್ಳಬಹುದಾ ಪರ್ತ್ ಸರ್?

ಪುತ್ತೂರು ಟು ಪರ್ತ್

ಟಿನ್ನಿನ ಹೊರಗೆ ಇದ್ದದ್ದು ತಾನೇ, ಇಟ್ಟುಕೊಳ್ಳಬಹುದು. ಆದರೆ ಈಗ ಚೀಲ ಬಿಚ್ಚಿಸಬೇಡಿ, ಅಮ್ಮನಿಂದ ಅಂತೂ ಬೇಡವೇ ಬೇಡ. ಜನವರಿಯಲ್ಲಿ ನೀವು ಮಾಸ್ಕ್ ಹಾಕಿಕೊಂಡು ಕೂತಾಗ, ಮೊದಲು ಟಿನ್ನಿನ ಹೊರಭಾಗ ಒದ್ದೆ ಬಟ್ಟೆಯಲ್ಲಿ ಒರೆಸಿ, ಚೀಟಿಯನ್ನು ಮೆಲ್ಲಗೆ ಎಬ್ಬಿಸಿ, ಆ ಬಟ್ಟೆಯನ್ನು ಚೀಲಕ್ಕೇ ಹಾಕಿ. ಚೀಟಿ ಎದ್ದು ಬರದಿದ್ದರೆ ಎಳೆಯಬೇಡಿ, ಫೋಟೊ ತೆಗೆದುಕೊಳ್ಳಿ.